ಹಿಂದಿನ ಗಾಲಿಗೆ ಹೊಸ ಟೈರು

ಗುಡ್ಡ ಹತ್ತುವ ಸೈಕಲ್ಲಿನ ಹಿಂದಿನ ಟೈರು ಬೇಗ ಸವೆಯುತ್ತದೆ. ಸವಾರನ ಭಾರ ಹೆಚ್ಚು ಬೀಳುವುದು ಅದರ ಮೇಲೆ, ಪೆಡಲ್ಲಿನ ಎಳೆತವೂ ಅದಕ್ಕೇ. ಒಂದೇ ಟೈರಿಗೆ ದುಡ್ಡಿದ್ದರೆ ಅದನ್ನು ಹಿಂದಕ್ಕೇ ಹಾಕಬೇಕು ಎಂಬುದು ನನ್ನ ಲೆಕ್ಕ. ಲೆಕ್ಕ ತಪ್ಪೆಂದು ಮೊದಲು ತಿಳಿದದ್ದು ಮೊಣಕೈಗೆ.

ಮುಂದಿನ ಟೈರನ್ನು ನಾನು ನೋಡಿರಲಿಲ್ಲ ಅಂತಲ್ಲ. ನಡುವಿನ ರಬ್ಬರ್ ಉಬ್ಬುಗಳನ್ನು, ಅಂದರೆ ಬಟನ್‌ಗಳನ್ನು ಹೆಬ್ಬೆರಳಲ್ಲಿ ಒತ್ತಿ, ಎತ್ತರ ಇದೆ, ಇನ್ನೊಂದು ಮಳೆಗಾಲ ನಡೆಯುತ್ತದೆ ಅಂದುಕೊಂಡಿದ್ದೆ. ನೋಡಬೇಕಾಗಿದ್ದದ್ದು ಅಂಚಿನ ಸಾಲು. ತಿರುವಿನಲ್ಲಿ ಸೈಕಲ್ ವಾಲಿದಾಗ ನೆಲ ಹಿಡಿಯುವುದು ಅದೇ. ಅಲ್ಲಿಯ ಬಟನ್‌ಗಳ ಮೂಲೆಗಳು ದುಂಡಗಾಗಿದ್ದವು. ಬುಡದಲ್ಲಿ ಸಣ್ಣ ಬಿರುಕುಗಳಿದ್ದವು, ಬೆರಳಿಂದ ಬಾಗಿಸಿದರೆ ಬಾಯಿ ಬಿಡುವಂಥವು. ಬಟನ್ ಗಿಡ್ಡಾಗುವ ಮೊದಲೇ ಅದರ ಹರಿತ ಹೋಗಿರುತ್ತದೆ.

ಧಾರವಾಡದಿಂದ ಪಶ್ಚಿಮಕ್ಕೆ, ಮುಗದದ ಕಡೆ, ಕೆಂಪು ಮಣ್ಣಿನ ಇಳಿಜಾರು. ಮೇಲೆ ತೆಳ್ಳಗೆ ರಾಡಿ, ಕೆಳಗೆ ಗಟ್ಟಿ ಗರಸು. ರಾಡಿಯನ್ನು ಸೀಳಿ ಗರಸನ್ನು ಹಿಡಿಯಲು ಹರಿತವೇ ಬೇಕು. ಮುಂದಿನ ಗಾಲಿ ಹೇಳದೆ ಕೇಳದೆ ಪಕ್ಕಕ್ಕೆ ಹೋಯಿತು. ಹಿಂದಿನದು ಜಾರಿದರೆ ಸೊಂಟ ತಿರುಗಿಸಿಯೋ ಕಾಲೂರಿಯೋ ಸಂಭಾಳಿಸಬಹುದು. ಮುಂದಿನದು ಜಾರಿದರೆ ಅಷ್ಟು ಪುರಸೊತ್ತು ಸಿಗುವುದಿಲ್ಲ. ಹೊಸದನ್ನು ಮುಂದೆ ಹಾಕಿ, ಅಲ್ಲಿದ್ದ ಅರೆಸವೆದದ್ದನ್ನು ಹಿಂದಕ್ಕೆ ತಳ್ಳುವುದು ಹಳೆಯ ಸವಾರರ ರೂಢಿ. ಅದು ಜಿಪುಣತನ ಎಂದು ನಾನು ತಿಳಿದಿದ್ದೆ.

ಹಿಂದೆ ಹಾಕಿದ ಆ ಹೊಸ ಟೈರಿನ ಕಥೆ ಬೇರೆ. ಇಂಗ್ಲೆಂಡಿನವರ ಚಳಿಗಾಲವೆಂದರೆ ಕೆಸರು. ಅಲ್ಲಿಯವರು ಕೆಸರಿಗೆ ಕಿರಿದಾದ, ಎತ್ತರದ, ದೂರದೂರ ಬಟನ್ ಇರುವ ಟೈರು ಹಾಕುತ್ತಾರೆ. ಬಟನ್ ದೂರ ಇದ್ದರೆ ಗಾಲಿ ತಿರುಗುವಾಗ ಮಣ್ಣು ಉದುರುತ್ತದೆ. ಇದನ್ನೆಲ್ಲ ಓದಿಯೂ, ಅಗಲವಿದ್ದರೆ ಹೂತುಹೋಗುವುದಿಲ್ಲ ಎಂದು 2.4 ಇಂಚಿನದು ತಂದೆ. ಅಂದರೆ ಸುಮಾರು 61 ಮಿ.ಮೀ. ಟೈರಿನ ಪಕ್ಕಕ್ಕೆ 50-622 ಎಂಬಂಥ ಅಂಕಿ ಇರುತ್ತದಲ್ಲ, ಅದರಲ್ಲಿ ಮೊದಲನೆಯದು ಈ ಅಗಲ, ಎರಡನೆಯದು ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ: 29 ಇಂಚಿನ ಗಾಲಿಗೆ 622, 27.5ಕ್ಕೆ 584. ನಾನು ಎರಡನೆಯದನ್ನಷ್ಟೇ ತಾಳೆ ನೋಡಿದ್ದೆ. ಫ್ರೇಮಿನ ಕವಲಿಗೂ ಟೈರಿಗೂ ನಡುವೆ ಉಳಿದ ಸಂದಿಯಲ್ಲಿ ಒಂದು ಪೆನ್ಸಿಲ್ ಕೂಡ ಸಲೀಸಾಗಿ ತೂರುತ್ತಿರಲಿಲ್ಲ.

ಹುಬ್ಬಳ್ಳಿಯಿಂದ ಪೂರ್ವಕ್ಕೆ ಕುಸುಗಲ್ ದಾಟಿದರೆ ಎರೆಮಣ್ಣು. ಬ್ಯಾಹಟ್ಟಿ ಕಡೆಯ ಹೊಲದ ದಾರಿಗಿಳಿದೆ, ಹಿಂದಿನ ರಾತ್ರಿ ಮಳೆಯಾಗಿತ್ತು. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಒದಗುವುದೂ ಇದೇ ಗುಣದಿಂದ. ಗಾಲಿಯ ಪ್ರತಿ ಸುತ್ತಿಗೂ ಹೊಸ ಪದರು, ಅದರೊಳಗೆ ಕೂಳೆ, ಹರಳು. ಗಾಲಿ ನಿಂತಿತು. ಆಗ ಇಳಿಯಬೇಕಿತ್ತು. ನಾನು ಪೆಡಲ್ ಒತ್ತಿದೆ. ಗೇರ್ ಬದಲಿಸುವ ಡಿರೇಲರ್ ತಿರುಚಿಕೊಂಡು ಕಡ್ಡಿಗಳೊಳಗೆ ಹೋಯಿತು.

ಸೈಕಲ್ ಹೆಗಲ ಮೇಲಿಟ್ಟುಕೊಂಡು ಬರುವಾಗ ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಗಾಲಿ ಚಲೋ ಅದಾವಲ್ರೀ ಸರ, ಮತ್ಯಾಕ ಹೊತ್ಕೊಂಡು ಹೊಂಟೀರಿ?" ಕೆಸರಿಗೆಂದೇ ತಂದ ಟೈರು ಎಂದೆ. ಅವರು ಅದನ್ನೊಮ್ಮೆ ನೋಡಿದರು. "ಮಳಿ ಬಿದ್ದ ಮ್ಯಾಲೆ ನಾವs ಎರಿ ಹೊಲದಾಗ ಕಾಲ ಇಡಂಗಿಲ್ರೀ. ಹದಾ ಬರೂತನಾ ಕಾಯ್ತೇವಿ."

ಆ ಹದಕ್ಕೆ ಬದಲಿಯಾಗುವ ಟೈರನ್ನು ನಾನಂತೂ ಕಂಡಿಲ್ಲ. ಈಗ ಮಳೆಗಾಲದಲ್ಲಿ ನನ್ನ ಸವಾರಿಯೆಲ್ಲ ಕೆಂಪು ಮಣ್ಣಿನ ಕಡೆಗೇ. ಎರಡೂ ಗಾಲಿಗೆ 50 ಮಿ.ಮೀ. ಟೈರು, ಸಂದಿಯಲ್ಲಿ ಕಿರುಬೆರಳು ಆರಾಮಾಗಿ ಆಡುತ್ತದೆ. ಎರೆ ದಾರಿಗೆ ಹೋಗುವುದು ಹಿಂಗಾರಿ ಜೋಳ, ಕಡಲೆ ಮೇಲೆ ಬಂದು ನೆಲ ಬಿರಿಯತೊಡಗಿದ ಮೇಲೆ. ನಮ್ಮ ಚಳಿಗಾಲದಲ್ಲಿ ಕೆಸರೆಲ್ಲಿಯದು? ಆಗಿನ ಕಾಟ ಬಳ್ಳಾರಿ ಜಾಲಿಯ ಮುಳ್ಳು. ಅದಕ್ಕೆ ಬಟನ್ ಹೊಸದೋ ಹಳೆಯದೋ ಎಂಬ ಭೇದವಿಲ್ಲ. ಟ್ಯೂಬಿನೊಳಗೆ ಪಂಕ್ಚರ್ ದ್ರವ ಹಾಕಿಸಿ, ಜೇಬಿನಲ್ಲೊಂದು ಚಿಮಟ ಇಟ್ಟುಕೊಂಡೇ ಹೊರಡುತ್ತೇನೆ.