ಹಂದಿ, ಆನೆ, ಸುಂಕದ ಕಟ್ಟೆ

1
ಏಜ್ ಆಫ್ ಎಂಪೈರ್ಸ್ ಎಂಬ ಕಂಪ್ಯೂಟರ್ ಆಟದ ಎರಡನೆಯ ಭಾಗಕ್ಕೆ 2022ರ ಏಪ್ರಿಲ್‌ನಲ್ಲಿ ‘ದ್ರಾವಿಡರು’ ಸೇರಿದರು. ಅವರ ಮಹಾಕಟ್ಟಡ ತಂಜಾವೂರಿನ ಬೃಹದೀಶ್ವರ ದೇವಸ್ಥಾನ. ಆಳಿನ ಮೇಲೆ ಒತ್ತಿದರೆ ತಮಿಳಿನಲ್ಲಿ ಓಗೊಡುತ್ತಾನೆ. ಪುತ್ತೂರಿನ ಹುಡುಗರು ಅವನಿಗೆ ತುಳುವಿನಲ್ಲಿ ಬೈಯುತ್ತಾರೆ.

2
ಆಟದಲ್ಲಿ ಊರು ಬೇಗ ಬೆಳೆಯಬೇಕಾದರೆ ಕಾಡುಹಂದಿ ಹೊಡೆಯಬೇಕು. ಒಂದು ಹಂದಿಗೆ 340 ಪಾಲು ಆಹಾರ. ಒಬ್ಬನನ್ನೇ ಕಳಿಸಿ ಮರೆತರೆ ಹಂದಿಯೇ ಅವನನ್ನು ಮುಗಿಸುತ್ತದೆ.

3
ತುಳುನಾಡಿನ ವೀರ ಅಣ್ಣತಮ್ಮಂದಿರಾದ ಕೋಟಿ ಚೆನ್ನಯರ ಪಾಡ್ದನದಲ್ಲಿ, ಅಂದರೆ ಹಾಡುಗತೆಯಲ್ಲಿ, ಪಂಜಕ್ಕೂ ಎಣ್ಮೂರಿಗೂ ಯುದ್ಧ ಹತ್ತುವುದು ಒಂದು ಹಂದಿಯ ದೆಸೆಯಿಂದ. ಹಂದಿ ಸತ್ತಿತ್ತು. ಅದು ಯಾರಿಗೆ ಸೇರಿದ್ದು ಎಂಬುದು ತೀರ್ಮಾನವಾಗಲಿಲ್ಲ.

4
ಕೋಟಿ ಚೆನ್ನಯರ ಊರು ಪಡುಮಲೆಗೆ ಅರಸ ಪೆರುಮಾಳು ಬಲ್ಲಾಳ. ಪಂಜಕ್ಕೆ ಕೇಮರ ಬಲ್ಲಾಳ. ಎಣ್ಮೂರಿಗೆ ದೇವ ಬಲ್ಲಾಳ. ಬೆಳಿಗ್ಗೆ ಪುತ್ತೂರಿನಲ್ಲಿ ಬೈಕು ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಮೂರು ರಾಜ್ಯವೂ ಮುಗಿಯುತ್ತದೆ.

5
ಇಷ್ಟು ಹತ್ತಿರದ ರಾಜ್ಯಗಳ ನಡುವೆಯೂ ಸುಂಕದ ಕಟ್ಟೆ ಇತ್ತು. ಪಡುಮಲೆ ಬಿಟ್ಟು ಹೊರಟ ಅಣ್ಣತಮ್ಮಂದಿರನ್ನು ಸುಂಕದವನು ತಡೆದ. ಪಾಡ್ದನದಲ್ಲಿ ಅವನ ಪಾತ್ರ ಅಲ್ಲಿಗೆ ಮುಗಿಯಿತು.

6
ಆಟದಲ್ಲಿ ಸುಂಕದವನು ಇಲ್ಲ.

7
ಆಟದಲ್ಲಿ ಒಂದು ಗದ್ದೆಗೆ 60 ಮರ ಖರ್ಚು. ನೀರು ಬೇಡ. ಪಡುಮಲೆಯಲ್ಲಿ ಜಗಳವಾದದ್ದು ನೀರಿನಿಂದ. ಬಲ್ಲಾಳನ ಮಂತ್ರಿ ಬುದ್ಯಂತ, ಕೋಟಿ ಚೆನ್ನಯರು ಬಿತ್ತಿದ ಗದ್ದೆಗೆ ನೀರು ಬಿಟ್ಟ.

8
ದ್ರಾವಿಡರಿಗೆ ಆಟದಲ್ಲಿ ಒಂದು ವೈದ್ಯವಿದ್ಯೆ ಇದೆ. ಅದನ್ನು ಕಲಿತರೆ ಗಾಯಗೊಂಡ ಆನೆಗಳು ತಾವಾಗಿ ಗುಣವಾಗುತ್ತವೆ. ಪೆರುಮಾಳು ಬಲ್ಲಾಳನ ಕಾಲಿಗೆ ಮುಳ್ಳು ಹೊಕ್ಕಾಗ ಮದ್ದು ಮಾಡಿದವಳು ದೇಯಿ ಬೈದ್ಯೆತಿ. ಆಗ ಅವಳು ತುಂಬಿದ ಬಸುರಿ. ಹುಟ್ಟಿದವರು ಕೋಟಿ, ಚೆನ್ನಯ. ಪಡುಮಲೆಯ ಬಳಿ ಅವಳ ಹೆಸರಿನಲ್ಲಿ ಈಗ ಔಷಧಿ ವನ ಇದೆ.

9
ಆಟದ ಆನೆ ಕೋಟೆ ಒಡೆಯುತ್ತದೆ. ದ್ರಾವಿಡರ ಹತ್ತಿರ ಗೋಡೆಗೆ ಗುದ್ದಲೆಂದೇ ಬೇರೆ ಆನೆ ಇದೆ.

10
ಪುತ್ತೂರಿನ ಮಹಾಲಿಂಗೇಶ್ವರನನ್ನು ಆನೆಯಿಂದ ಎಳೆಸಿದರಂತೆ. ಲಿಂಗ ಕದಲಲಿಲ್ಲ, ಬೆಳೆಯಿತು. ಆನೆ ಚೂರಾಯಿತು. ಕೊಂಬು ಬಿದ್ದ ಜಾಗ ಕೊಂಬೆಟ್ಟು. ಅಲ್ಲಿ ಈಗ ಶಾಲೆ ಇದೆ. ದೇವರ ಉತ್ಸವಕ್ಕೆ ಇವತ್ತಿಗೂ ಆನೆ ಇಲ್ಲ.

11
ಸುಬ್ರಹ್ಮಣ್ಯದ ಮಠದಲ್ಲಿ ಒಂದು ಸಂಪುಟ, ಅಂದರೆ ಮುಚ್ಚಿದ ಪೆಟ್ಟಿಗೆ, ಇದೆ. ಮಧ್ವಾಚಾರ್ಯರು ತಮ್ಮನಾದ ವಿಷ್ಣುತೀರ್ಥರಿಗೆ ಕೊಟ್ಟದ್ದು ಎನ್ನುತ್ತಾರೆ. ಒಳಗೆ ಏನಿದೆ ನೋಡಬೇಕೆಂದು ಅಲ್ಲಿನ ಬಲ್ಲಾಳ ಆನೆಯಿಂದ ತುಳಿಸಿದನಂತೆ. ಸಂಪುಟ ಒಡೆಯಲಿಲ್ಲ. ಬಲ್ಲಾಳನಿಗೆ ಮೈಯೆಲ್ಲ ಉರಿ ಹತ್ತಿತು.

12
ಸುಬ್ರಹ್ಮಣ್ಯ ಮೊದಲು ಸುಳ್ಯ ತಾಲೂಕಿನಲ್ಲಿತ್ತು, ಈಗ ಕಡಬ ತಾಲೂಕಿನಲ್ಲಿದೆ. ಸಂಪುಟ ಇದ್ದಲ್ಲೇ ಇದೆ.

13
ಆಟದಲ್ಲಿ ಕೋಟೆಗೆ 650 ಕಲ್ಲು. ಬಲ್ಲಾಳರು ಇದ್ದದ್ದು ಬೀಡಿನಲ್ಲಿ. ಚಾವಡಿ, ಅಂಗಳ, ಎದುರಿಗೆ ಗದ್ದೆ. ಬಲ್ಲಾಳರ ಮೇಲೆ ಮಂಗಳೂರಿನಲ್ಲೋ ಬಾರಕೂರಿನಲ್ಲೋ ಇನ್ನೊಬ್ಬ ಇರುತ್ತಿದ್ದ. ಮೊದಲು ಆಳುಪರು, ಆಮೇಲೆ ವಿಜಯನಗರದ ಅಧಿಕಾರಿ. ಆಳುಪರ ಹೆಸರು ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಲ್ಲೇ ಬರುತ್ತದೆ.

14
ಆಟದಲ್ಲಿ ಸಂಪತ್ತು ನಾಲ್ಕು ಬಗೆ: ಆಹಾರ, ಮರ, ಚಿನ್ನ, ಕಲ್ಲು. ಕರಿಮೆಣಸು ಇಲ್ಲ. 14ನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಅಲ್ಲಿ ಕಂಡದ್ದು ರಾಶಿ ಮೆಣಸು, ಶುಂಠಿ, ಕೊಳ್ಳಲು ಬಂದ ಯೆಮೆನ್, ಪರ್ಷಿಯಾದ ವ್ಯಾಪಾರಿಗಳು. ಘಟ್ಟದ ಬುಡದಲ್ಲಿ, ಸುಳ್ಯ ಕಡಬದ ಅಡಿಕೆ ತೋಟಗಳಲ್ಲಿ, ಮರಕ್ಕೊಂದು ಮೆಣಸಿನ ಬಳ್ಳಿ ಈಗಲೂ ಹಬ್ಬಿರುತ್ತದೆ.

15
ಆಟದಲ್ಲಿ ಒಬ್ಬೊಬ್ಬ ಅರಸನಿಗೆ ಒಂದೊಂದು ಬಣ್ಣ. ಅಮರ ಸುಳ್ಯ ಮಾಗಣೆಯ ಬಣ್ಣ ಬದಲಾಗುತ್ತಿತ್ತು: ಮೊದಲು ಕೆಳದಿಯವರದು, ಆಮೇಲೆ ಕೊಡಗಿನ ಅರಸರದು. 1834ರಲ್ಲಿ ಇಂಗ್ಲಿಷರು ಕೊಡಗನ್ನು ಹಿಡಿದ ಮೇಲೆ ಕೆನರಾ ಜಿಲ್ಲೆಗೆ ಬಂತು. ಅರೆಭಾಷೆ ಸುಳ್ಯದಲ್ಲೂ ಕೇಳುತ್ತದೆ, ಮಡಿಕೇರಿಯಲ್ಲೂ ಕೇಳುತ್ತದೆ.

16
ಎಣ್ಮೂರಿನಲ್ಲಿ ಕೋಟಿ ಚೆನ್ನಯರನ್ನು ಪೂಜಿಸುವ ಗರಡಿ ಇದೆ. ತುಳುನಾಡಿನಲ್ಲಿ ಅವರಿಗೆ ಅರವತ್ತಾರು ಗರಡಿ ಎಂಬುದು ಜನರ ಲೆಕ್ಕ. ಬಲ್ಲಾಳರಿಗೆ ಗರಡಿ ಇಲ್ಲ.

17
ಪಾಡ್ದನಗಳನ್ನು ಮ್ಯಾನರ್ ಎಂಬ ಪಾದ್ರಿ ಬರೆಸಿಕೊಂಡು 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ. ಅವನು ಬಂದದ್ದು ಧರ್ಮ ಬದಲಿಸಲು.

18
ಆಟದಲ್ಲಿ ಅರಸನಿಗೆ ಹೆಸರಿದೆ, ಕಾದುವವನಿಗೆ ಇಲ್ಲ. ಸತ್ತರೆ ಲೆಕ್ಕದಲ್ಲಿ ಒಂದು ಕಡಿಮೆ.

19
ಮೂವರು ಬಲ್ಲಾಳರ ಹೆಸರು ಜನರ ಬಾಯಲ್ಲಿ ಉಳಿದದ್ದು ಕಾದಿದವರ ಹಾಡಿನಿಂದ. ಗದ್ದೆಗೆ ನೀರು ಬಿಟ್ಟವನ ಹೆಸರೂ ಅದರಲ್ಲೇ ಉಳಿದಿದೆ.