ಜೆ.ಸಿ. ರಸ್ತೆ: ಎಣ್ಣೆಯ ಜಾಡು ಹಿಡಿದು

ಬೆಂಗಳೂರಿನ ಪುರಭವನದ ಬಳಿಯಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಯನ್ನು ಜನ ಜೆ.ಸಿ. ರಸ್ತೆಯೆಂದೇ ಕರೆಯುವರು. ರವೀಂದ್ರ ಕಲಾಕ್ಷೇತ್ರಕ್ಕೆ ಬರುವ ರಸಿಕರಿಗೆ ಅದು ನಾಟಕದ ಬೀದಿ. ಕಾರುಳ್ಳವರಿಗೆ ಬಿಡಿಭಾಗಗಳ ಭಂಡಾರ. ಅಂಗಡಿಗಳಲ್ಲಿ ಬೆಲ್ಟುಗಳು, ಬೇರಿಂಗುಗಳು, ಕಾರ್ಕಿನ ಪ್ಯಾಕಿಂಗುಗಳು. ಆಸುಪಾಸಿನ ಓಣಿಗಳಲ್ಲಿ ಮೇಸ್ತ್ರಿಗಳು.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೂ ತಂದೆಯ ಕಾಲದ ಗಾಡಿಯನ್ನು ಮಾರಲು ಮನಸ್ಸೊಪ್ಪದವರು ಅದನ್ನು ಇಂಥ ಓಣಿಗೆ ತರುವುದುಂಟು. ದೂರು ಬಹುಮಟ್ಟಿಗೆ ಒಂದೇ: ಮನೆಯ ಮುಂದೆ ರಂಗೋಲಿಯಿಡುವ ಜಾಗದಲ್ಲಿ ಕಪ್ಪು ಎಣ್ಣೆಯ ಕಲೆ. ಅಲಕ್ಷಿಸಿದರೆ ಎಣ್ಣೆ ಬತ್ತಿ ಬೇರಿಂಗುಗಳು ಸುಟ್ಟು ಹೋದಾವು. ಆತುರಪಟ್ಟರೆ, ಹತ್ತಿಪ್ಪತ್ತು ನಿಮಿಷದ ಕೆಲಸಕ್ಕೆ ಎಂಜಿನ್ನನ್ನೇ ಇಳಿಸಿದ ವೆಚ್ಚ ಬಿದ್ದೀತು.

ನುರಿತ ಮೇಸ್ತ್ರಿ ಕಲೆ ಬಿದ್ದ ಜಾಗವನ್ನು ನಂಬುವುದಿಲ್ಲ. ಎಣ್ಣೆ ಮೇಲಿಂದ ಕೆಳಕ್ಕೆ ಜಾರುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಆದುದರಿಂದ ಅವನು ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಚೆನ್ನಾಗಿ ಒಣಗಿಸಿ, ಕೀಲುಗಳ ಸುತ್ತ ಸೀಮೆಸುಣ್ಣದ ಪುಡಿ ಉದುರಿಸುತ್ತಾನೆ. ಬಳಿಕ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ದೀಪ ಹಿಡಿದು ನೋಡುತ್ತಾನೆ. ಬಿಳಿಯ ಪುಡಿಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಮೂಡಿದ ತೇವವೇ ಸೋರಿಕೆಯ ಮೂಲ.

ಅನೇಕ ವೇಳೆ ಅದು ಮೇಲ್ಭಾಗದ ತಗಡಿನ ಮುಚ್ಚಳದ ಅಂಚು. ಕೆಳಗಿನ ಕಾರ್ಕ್ ಪ್ಯಾಕಿಂಗ್ ಕಾಯ್ದು ಕಾಯ್ದು ಗಡುಸಾಗಿ ಬಿರಿದಿರುತ್ತದೆ. ಅಲ್ಲಿ ನಟ್ಟನ್ನು ಬಲವಾಗಿ ಬಿಗಿದರೆ ಕಾರ್ಕ್ ಹಿಸುಕಿ, ತಗಡು ಡೊಂಕಾಗಿ, ಸೋರಿಕೆ ಹೆಚ್ಚುವುದೇ ಹೊರತು ನಿಲ್ಲದು. ಹಳೆಯದನ್ನು ಕೆರೆದು ತೆಗೆದು, ಅಂಚನ್ನು ಸಮಮಾಡಿ, ಹೊಸ ಪ್ಯಾಕಿಂಗ್ ಕೂರಿಸಿ ಹದವಾಗಿ ಬಿಗಿಯುವುದೇ ಮದ್ದು.

ಕ್ಲಚ್ಚಿನ ಕವಚದ ತಳದಿಂದ ಎಣ್ಣೆ ತೊಟ್ಟಿಕ್ಕಿದರೆ ಸಂಗತಿ ಗಂಭೀರ. ಅಂಬಾಸಿಡರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಕ್ರಾಂಕಿನ ಹಿಂತುದಿಯಲ್ಲಿ ರಬ್ಬರಿನ ಸೀಲ್ ಇಲ್ಲ. ಸುರುಳಿಯಾಗಿ ಕೊರೆದ ಗಾಡಿಯೊಂದು ತಿರುಗುತ್ತ ಎಣ್ಣೆಯನ್ನು ಒಳಕ್ಕೇ ಮರಳಿಸುತ್ತದೆ. ಎಂಜಿನ್ ನಿಂತ ಮೇಲೆ ಒಂದೆರಡು ಹನಿ ಇಳಿದರೆ ಅದು ಆ ರಚನೆಯ ಸ್ವಭಾವ. ಧಾರೆಯಾದರೆ ಮಾತ್ರ ಕ್ಲಚ್ ತಟ್ಟೆ ನೆನೆದು, ನಂದಿಬೆಟ್ಟದ ಏರಿನಲ್ಲಿ ಎಂಜಿನ್ ಬೊಬ್ಬಿಟ್ಟರೂ ಗಾಡಿ ಮುಂದೆ ಸಾಗದು.

ಆಗಲೂ ಮೇಸ್ತ್ರಿ ಮೊದಲು ನೋಡುವುದು ಪಕ್ಕದಲ್ಲಿ ಕೆಳಗಿಳಿದಿರುವ ಬ್ರೀದರ್ ಕೊಳವೆಯನ್ನು. ಅದು ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಸಂದು ಸಿಕ್ಕಲ್ಲೆಲ್ಲ ಎಣ್ಣೆ ಹೊರಬರುತ್ತದೆ. ಕೊಳವೆ ಶುಚಿಯಾದ ಮೇಲೂ ಸೋರಿಕೆ ನಿಲ್ಲದಿದ್ದರೆ ಮಾತ್ರ ಎಂಜಿನ್ ಇಳಿಸುವ ಮಾತು.

ಅಲ್ಲಿಯವರೆಗೆ ಒಡೆಯನ ಪಾಲಿನ ಕೆಲಸವೊಂದುಂಟು: ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಪ್ರತಿ ಬೆಳಿಗ್ಗೆ ಅಳತೆಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡುವುದು.