ಚಹದ ಬಟ್ಟಲು

ಹರೆಯದವರ ಆಟವನ್ನು ಕುರಿತು ವೃದ್ಧನೊಬ್ಬನು ಬರೆಯಹೊರಟುದನ್ನು ಕಂಡು ವಾಚಕರು ನಗಬಹುದು. ಆದರೂ ಬಹುಕಾಲದಿಂದ ಮನಸ್ಸಿನಲ್ಲಿ ನೆಟ್ಟಿರುವ ಮುಳ್ಳೊಂದನ್ನು ತೆಗೆಯದೆ ನನಗೆ ಸಮಾಧಾನವಿಲ್ಲ.

1960ರ ದಶಕದಲ್ಲಿ ನಾನು ಭಾಲ್ಕಿಯಲ್ಲಿ ಓದುತ್ತಿದ್ದೆನು. ಜೋಳದ ರಾಶಿ ಮುಗಿದು ಹೊಲಗಳು ಬರಿದಾದೊಡನೆ, ಕರಿನೆಲಕ್ಕೆ ನೀರು ಚಿಮುಕಿಸಿ ಗಟ್ಟಿಮಾಡಿ ಕ್ರಿಕೆಟ್ ಆಡುತ್ತಿದ್ದೆವು. ನಮ್ಮಲ್ಲಿ ಎಡಗೈಯಿಂದ ಚೆಂಡೆಸೆಯುವ ಹುಡುಗನೊಬ್ಬನಿದ್ದನು. ಅವನ ತಂದೆ ಚಪ್ಪಲಿ ಹೊಲಿಯುತ್ತಿದ್ದನು. ಔರಾದಿನವರೊಡನೆ ಆಡಿದ ದಿನ ಅವನು ಆರು ಮಂದಿಯನ್ನು ಔಟ್ ಮಾಡಿದನು. ನಾವು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದೆವು. ಬಳಿಕ ದೊಡ್ಡವರೊಬ್ಬರ ಮನೆಯಿಂದ ಚಹ ಬಂದಿತು. ನಮಗೆಲ್ಲ ಕಪ್ಪು-ಬಸಿ; ಅವನಿಗೆ ಮಾತ್ರ ಬೇವಿನ ಮರದ ಕೆಳಗೆ ಅಂಚೊಡೆದ ಬೇರೊಂದು ಬಟ್ಟಲು. ಅವನು ಅದನ್ನು ಮುಟ್ಟಲಿಲ್ಲ. ಮರುದಿನದಿಂದ ಆಟಕ್ಕೂ ಬರಲಿಲ್ಲ.

ಮುಂದೆ ಬೀದರಿನಲ್ಲಿ ನೆಲೆಸಿದ ಕಾಲದಲ್ಲಿ ಬಾಳೂ ಪಾಲವಣಕರರ ವೃತ್ತಾಂತವನ್ನು ಓದಿದೆನು. ಧಾರವಾಡದಲ್ಲಿ, ಚರ್ಮಕಾರ ಕುಲದಲ್ಲಿ ಹುಟ್ಟಿದ ಇವರು ಪುಣೆಯ ಪಾರಸೀ ಕ್ಲಬ್ಬೊಂದರಲ್ಲಿ ತಿಂಗಳಿಗೆ 3 ರೂಪಾಯಿಯ ಸಂಬಳಕ್ಕೆ ಮೈದಾನ ಗುಡಿಸಿ ಹದಗೊಳಿಸುತ್ತಿದ್ದರು. ಆಮೇಲೆ ಆಂಗ್ಲರ ಕ್ಲಬ್ಬಿನಲ್ಲಿ 4 ರೂಪಾಯಿಗೆ ಸೇರಿ, ಅಧಿಕಾರಿಗಳ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಚೆಂಡೆಸೆದರು. ಹೀಗೆ ಆಟವೇ ಅವರಿಗೆ ಅನ್ನದ ದಾರಿಯಾಯಿತು. ಎಡಗೈಯ ಆ ಮಂದಗತಿಯ ಎಸೆತದ ಕೀರ್ತಿಯನ್ನು ಕೇಳಿ ಹಿಂದೂ ತಂಡದವರು ಅವರನ್ನು ಕರೆದರು. ಮೈದಾನದಲ್ಲಿ ಒಂದೇ ಚೆಂಡನ್ನು ಎಲ್ಲರೂ ಮುಟ್ಟುವರು. ಚಹದ ಹೊತ್ತಿಗೆ ಅವರಿಗೆ ಮಾತ್ರ ಹೊರಗೆ ಮಣ್ಣಿನ ಕುಡಿಕೆ, ಊಟಕ್ಕೆ ಬೇರೆ ಮೇಜು!

1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಬಾಳೂ ಅವರ ಕೈಚಳಕ ಅದರಲ್ಲಿ ಹಿರಿದಾಗಿತ್ತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ಪಡೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒದಗಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ದೊರೆಯಿತು. ಪ್ರಥಮ ದರ್ಜೆಯ ಲೆಕ್ಕದಲ್ಲಿ ಬಾಳೂ ಅವರ ಆಟವೆಲ್ಲ 33 ಪಂದ್ಯಗಳಷ್ಟೇ. ಅಷ್ಟರಲ್ಲೇ 179 ವಿಕೆಟ್!

ಬಾಳೂ ಅವರು ಆ ಕುಡಿಕೆಯನ್ನು ಸಹಿಸಿಯೂ ಆಡಿದರು. ನಮ್ಮ ಗೆಳೆಯನು ಸಹಿಸದೆ ಹೋದನು. ಇವರಿಬ್ಬರಲ್ಲಿ ಯಾರು ದೊಡ್ಡವರೆಂದು ಹೇಳುವ ಯೋಗ್ಯತೆ ನನಗಿಲ್ಲ. ಅವನ ಆಟದ ಆಯುಷ್ಯವು ಒಂದೇ ಸುಗ್ಗಿಯದಾಯಿತು. ಅದಕ್ಕೆ ಕಾರಣ ಆ ಮನೆಯವರೆಂದು ಬಹುಕಾಲ ನಂಬಿದ್ದೆನು. ಆದರೆ ಅಂದು ನನ್ನ ಕಪ್ಪಿನ ಚಹವನ್ನು ನಾನು ಪೂರ್ತಿಯಾಗಿ ಕುಡಿದಿದ್ದೆನು.